ಹುಣಸೆ ಬೀಜದಿಂದ ನೋಟ್‌ಬುಕ್‌ವರೆಗೆ: ಆಟ ಆಡಿದರೆ ಗಣಿತ ಬರುತ್ತಾ?

ನಾನು ಪಾಠ ಮಾಡುವ ಶಾಲೆ ಬೇಲೂರಿನಿಂದ ಚಿಕ್ಕಮಗಳೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ಇದೆ. ಸುತ್ತ ಕಾಫಿ ತೋಟ. ಡಿಸೆಂಬರ್ ಬಂತು ಅಂದರೆ ಹಣ್ಣು ಕುಯ್ಲು ಶುರು, ತೋಟದ ಕೆಲಸಗಾರರ ಲೈನ್ ಮನೆಗಳಿಂದ ಬರುವ ಮಕ್ಕಳ ಬಾಯಲ್ಲಿ ಬರೀ ಕೆಜಿ ಲೆಕ್ಕ. ಒಂದು ದಿನ ಐದನೇ ಕ್ಲಾಸಿನ ಹುಡುಗನೊಬ್ಬನನ್ನು ಸುಮ್ನೆ ಕೇಳಿದೆ, ನಿನ್ನೆ ಅಮ್ಮ ಎಷ್ಟು ಹಣ್ಣು ಕುಯ್ದರು ಅಂತ.

"84 ಕೆಜಿ ಮಿಸ್."

"ಕೆಜಿಗೆ 5 ರೂಪಾಯಿ ಅಂತ ಇಟ್ಕೋ. ಎಷ್ಟಾಯ್ತು?"

"420." ಉಸಿರು ಬಿಡುವಷ್ಟರಲ್ಲಿ ಉತ್ತರ ಬಂತು. ಹೇಗೋ ಅಂದರೆ, "80ಕ್ಕೆ 400, ಉಳಿದ 4ಕ್ಕೆ 20" ಅಂದ.

ಖುಷಿಯಾಗಿ ಬೋರ್ಡ್ ಹತ್ತಿರ ಕರೆದು 84 × 5 ಅಂತ ಬರೆದು ಸೀಮೆಸುಣ್ಣ ಕೈಗೆ ಕೊಟ್ಟೆ. ಅವನು ಐದು ನಾಲ್ಕಲ ಇಪ್ಪತ್ತು ಅಂತ ಹೇಳಿಕೊಂಡು 20 ಬರೆದ. ಐದು ಎಂಟಲ ನಲವತ್ತು ಅಂದು ಅದರ ಎಡಕ್ಕೆ 40 ಬರೆದ. ಉತ್ತರ 4020. ಬರೆದು ಕೈ ಒರೆಸಿಕೊಂಡು ನಿಂತ.

"ಲೋ, ನಿಮ್ಮಮ್ಮನಿಗೆ ಒಂದು ದಿನಕ್ಕೆ ನಾಲ್ಕು ಸಾವಿರದ ಇಪ್ಪತ್ತು ರೂಪಾಯಿ ಬರುತ್ತೇನೋ?" ಅಂದೆ. ಅವನು ಬೋರ್ಡ್ ನೋಡಿದ, ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ ಕೇಳಿದ. "ಇದು ಬೇರೆ ಲೆಕ್ಕ ಅಲ್ವಾ ಮಿಸ್?"

ಆ ಒಂದು ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಗಣಿತವನ್ನು ಆಟವಾಡಿಸುತ್ತಾ, ಕೈಯಲ್ಲಿ ಮಾಡಿಸುತ್ತಾ ಕಲಿಸಬೇಕು ಅಂತ ಎಲ್ಲರೂ ಹೇಳುತ್ತೇವೆ. ಯಾಕೆ ಅಂತ ಕೇಳಿದರೆ "ಮಕ್ಕಳಿಗೆ ಬೇಜಾರಾಗಬಾರದಲ್ಲ" ಅನ್ನುತ್ತೇವೆ. ಬೇಜಾರು ಸಣ್ಣ ವಿಷಯ. ದೊಡ್ಡ ವಿಷಯ ಏನೆಂದರೆ ಮಗುವಿನ ತಲೆಯೊಳಗೆ ಎರಡು ಗಣಿತ ಕೂತಿವೆ. ಒಂದು ತೋಟದ್ದು, ಅಂಗಡಿಯದ್ದು, ಗೋಲಿಯದ್ದು. ಇನ್ನೊಂದು ನೋಟ್‌ಬುಕ್ಕಿನದ್ದು. ಎರಡೂ ಒಂದೇ ಅಂತ ಮಗುವಿಗೆ ಯಾರೂ ತೋರಿಸಿಕೊಟ್ಟಿಲ್ಲ. ಆಟದ, ಚಟುವಟಿಕೆಯ ನಿಜವಾದ ಕೆಲಸ ಅದನ್ನು ತೋರಿಸುವುದು.

ಇದು ನಮ್ಮ ತೋಟದ ಮಕ್ಕಳ ಕಥೆ ಮಾತ್ರ ಅಲ್ಲ. ಬ್ರೆಜಿಲ್ ದೇಶದ ರೆಸಿಫೆ ಊರಲ್ಲಿ ಬೀದಿ ಬದಿ ವ್ಯಾಪಾರ ಮಾಡುವ ಮಕ್ಕಳ ಮೇಲೆ ನಡೆದ ಒಂದು ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಸಂಶೋಧಕರು ಗಿರಾಕಿಗಳ ಹಾಗೆ ಹೋಗಿ ಲೆಕ್ಕ ಕೇಳಿದಾಗ ಮಕ್ಕಳ ಉತ್ತರ ನೂರಕ್ಕೆ 98ರಷ್ಟು ಸರಿ ಇತ್ತು. ಅದೇ ಲೆಕ್ಕಗಳನ್ನು ಆಮೇಲೆ ಶಾಲೆಯ ಥರ ಬರೀ ಅಂಕಿಗಳಲ್ಲಿ ಕೊಟ್ಟರೆ ಸರಿ ಉತ್ತರ ನೂರಕ್ಕೆ 37ಕ್ಕೆ ಇಳಿಯಿತು. ಒಂದಕ್ಕೆ 35ರಂತೆ 10 ತೆಂಗಿನಕಾಯಿಗೆ ಎಷ್ಟು ಅಂದರೆ ಅಲ್ಲಿನ ಒಬ್ಬ ಹುಡುಗ 35ರ ಮುಂದೆ ಸೊನ್ನೆ ಇಡಲಿಲ್ಲ. ಮೂರಕ್ಕೆ 105, ಇನ್ನೂ ಮೂರು ಸೇರಿದರೆ 210, ಇನ್ನೂ ಮೂರಕ್ಕೆ 315, ಉಳಿದ ಒಂದಕ್ಕೆ 35, ಒಟ್ಟು 350. ಮೂರು ಮೂರು ಕಾಯಿ ಮಾರುವುದು ಅವನಿಗೆ ದಿನದ ಅಭ್ಯಾಸ, ಅಲ್ಲಿಂದಲೇ ಲೆಕ್ಕ ಎತ್ತಿಕೊಂಡ. ನಮ್ಮ ಹುಡುಗ 80ಕ್ಕೆ 400 ಅಂದಿದ್ದೂ ಅದೇ ಬುದ್ಧಿ.

ಹಾಗಾದರೆ ಎರಡನ್ನೂ ಸೇರಿಸುವುದು ಹೇಗೆ? ಜೆರೋಮ್ ಬ್ರೂನರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ಇದಕ್ಕೆ ಮೂರು ಮೆಟ್ಟಿಲು ಹೇಳಿದ್ದರು. ಮೊದಲು ಕೈಯಲ್ಲಿ ಮಾಡುವುದು, ಆಮೇಲೆ ಚಿತ್ರದಲ್ಲಿ ನೋಡುವುದು, ಕೊನೆಗೆ ಅಂಕಿ, ಚಿಹ್ನೆಗಳಲ್ಲಿ ಬರೆಯುವುದು. ಕೇಳಲು ಸುಲಭ. ಆದರೆ ನಾವು ಮಾಡುವ ತಪ್ಪು ಎಲ್ಲಿದೆ ಅಂದರೆ, ಒಂದೋ ನೇರ ಮೂರನೇ ಮೆಟ್ಟಿಲಿಗೆ ಮಕ್ಕಳನ್ನು ಎತ್ತಿ ನಿಲ್ಲಿಸುತ್ತೇವೆ, ಇಲ್ಲಾ ಮೊದಲನೇ ಮೆಟ್ಟಿಲಲ್ಲಿ ಕುಣಿಸಿ ಫೋಟೋ ತೆಗೆದು ಅಲ್ಲೇ ಬಿಡುತ್ತೇವೆ. ನಡುವಿನ ಮೆಟ್ಟಿಲಿನ ಕಡೆ ಯಾರೂ ನೋಡಲ್ಲ.

ಆ ಹುಡುಗನಿಗೆ ನಾನು ಆವತ್ತು ಮಾಡಿದ್ದು ಇಷ್ಟೇ. ನೆಲದ ಮೇಲೆ ಒಂದು ಉದ್ದ ಪಟ್ಟಿ ಗೀಚಿ, ಇದು ತೋಟ ಕಣೋ, ಒಂದು ಸಾಲಿಗೆ 84 ಗಿಡ, ಇಂಥ 5 ಸಾಲು ಅಂದೆ. ಒಂದು ಕಡೆ ಗೆರೆ ಎಳೆದು 80 ಗಿಡ ಆ ಕಡೆ, 4 ಗಿಡ ಈ ಕಡೆ ಮಾಡಿದೆ. ಆ ಕಡೆ ಎಷ್ಟು? 400. ಈ ಕಡೆ ಎಷ್ಟು? 20. ಎರಡು ತುಂಡು ತೋಟ ಸೇರಿಸಿದರೆ 420. ಆಮೇಲೆ ಅದರ ಪಕ್ಕದಲ್ಲೇ ಪುಸ್ತಕದ ರೀತಿ ಬರೆಸಿದೆ. ಐದು ನಾಲ್ಕಲ ಇಪ್ಪತ್ತು, ಸೊನ್ನೆ ಬರೆದು ಕೈಯಲ್ಲಿ ಎರಡು. "ಈ ಎರಡು ಯಾವುದೋ?" ಅಂದರೆ ಅವನು ಈ ಕಡೆಯ ಸಣ್ಣ ತೋಟ ತೋರಿಸಿ, "ಇಲ್ಲಿಂದ ಬಂದ ಎರಡು ಹತ್ತು" ಅಂದ. ಅಷ್ಟೇ ಸಾಕಾಗಿತ್ತು.

ಇನ್ನೊಂದು ಮುಖ್ಯ ವಿಷಯ, ಕಳೆಯುವ ಲೆಕ್ಕ. 52ರಲ್ಲಿ 27 ಕಳೆ ಅಂದರೆ ಮೂರನೇ ಕ್ಲಾಸಿನ ಎಷ್ಟೋ ಮಕ್ಕಳು 35 ಅಂತ ಬರೆಯುತ್ತಾರೆ. 2ರಲ್ಲಿ 7 ಹೋಗಲ್ಲ, ಆದರೆ 7ರಲ್ಲಿ 2 ಹೋಗುತ್ತಲ್ಲ, ಹಾಗಾಗಿ ತಿರುಗಿಸಿ ಕಳೆದುಬಿಡುತ್ತಾರೆ. ಇದಕ್ಕೆ ನಾವು ತಲೆತಲಾಂತರದಿಂದ ಹೇಳಿಕೊಂಡು ಬಂದಿರುವ ಮಾತು, "ಪಕ್ಕದ ಮನೆಯಿಂದ ಒಂದು ಸಾಲ ತಗೋ". ನಾನೂ ವರ್ಷಗಟ್ಟಲೆ ಹಾಗೇ ಹೇಳುತ್ತಿದ್ದೆ. ಒಂದು ದಿನ ಒಬ್ಬಳು ಹುಡುಗಿ ಎದ್ದು, "ಸಾಲ ವಾಪಸ್ ಯಾವಾಗ ಕೊಡೋದು ಮಿಸ್?" ಅಂತ ಕೇಳಿದಳು. ಸರಿಯಾದ ಪ್ರಶ್ನೆ. ಅಲ್ಲಿ ಸಾಲವೇ ಇಲ್ಲ. ಒಂದು ತಂದರೆ ಹತ್ತು ಹೇಗೆ ಆಗುತ್ತೆ, ಅದೂ ಗೊತ್ತಾಗಲ್ಲ. ನಡೆಯುವುದು ಸಾಲ ಅಲ್ಲ, ಚಿಲ್ಲರೆ ಮಾಡಿಸುವುದು.

ಹಾಗಾಗಿ ಈಗ ತೆಂಗಿನ ಗರಿಯ ಕಡ್ಡಿ ತಂದು ಸಮನಾಗಿ ಕತ್ತರಿಸಿ, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಿಸುತ್ತೇನೆ. 52 ಅಂದರೆ ಐದು ಕಟ್ಟು, ಎರಡು ಬಿಡಿ ಕಡ್ಡಿ. ಇಬ್ಬಿಬ್ಬರು ಎದುರು ಬದುರು ಕೂರಬೇಕು. ಒಬ್ಬರು ಅಂಗಡಿ, ಒಬ್ಬರು ಗಿರಾಕಿ. "27 ಕೊಡು." ಕೈಯಲ್ಲಿ ಬಿಡಿ ಇರೋದು ಎರಡೇ. ಮಗು ಒಂದು ಕ್ಷಣ ಸುಮ್ಮನೆ ಕೂರುತ್ತೆ, ಆಮೇಲೆ ತಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುತ್ತೆ. ಆ ಬಿಚ್ಚುವ ಕ್ಷಣ ಇದೆಯಲ್ಲ, ಅದನ್ನು ನಾವು ಹೇಳಿಕೊಡಬಾರದು, ಎಷ್ಟು ಹೊತ್ತಾದರೂ ಕಾಯಬೇಕು. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಬಿಡಿ ಕೊಟ್ಟರೆ ಐದು ಉಳಿಯಿತು, ಎರಡು ಕಟ್ಟು ಕೊಟ್ಟರೆ ಎರಡು ಕಟ್ಟು ಉಳಿಯಿತು. 25. ನೋಟ್‌ಬುಕ್ಕಲ್ಲಿ 5ನ್ನು ಹೊಡೆದು 4 ಬರೆದು, 2ರ ತಲೆ ಮೇಲೆ 12 ಬರೆಯುವುದು ಏನು ಅಂತ ಆಮೇಲೆ ಬಿಡಿಸಿ ಹೇಳಬೇಕಾಗೇ ಇಲ್ಲ. ಮಾರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿಗೆ ಬಂದು ವರ್ಷಗಟ್ಟಲೆ ನಮ್ಮ ದೇಶದಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಮಣಿಗಳ ಪದ್ಧತಿಯಲ್ಲೂ ಇದೇ ಇದೆ. ಹತ್ತು ಮಣಿಯ ಸರ, ನೂರು ಮಣಿಯ ಚೌಕ, ಸಾವಿರ ಮಣಿಯ ಘನ. ಸಾವಿರ ಅಂದರೆ ಕೈಗೆ ಭಾರ ಅನ್ನಿಸಬೇಕು. ನಮಗೆ ಆ ಮಣಿ ಇಲ್ಲದಿದ್ದರೆ ಕಡ್ಡಿ ಸಾಕು.

ಇನ್ನು ಆಟ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಆಟ ಅಂತ ಹೆಸರಿಟ್ಟ ತಕ್ಷಣ ಅದರಲ್ಲಿ ಗಣಿತ ಇರುತ್ತೆ ಅಂತ ಏನಿಲ್ಲ.

ಶುರುವಿನಲ್ಲಿ ನಾನು ಮಗ್ಗಿಯ ಸ್ಪರ್ಧೆ ಇಡುತ್ತಿದ್ದೆ. ಎರಡು ತಂಡ, ನಾನು "ಏಳು ಎಂಟಲ" ಅನ್ನುವುದು, ಮೊದಲು ಕೂಗಿದವರಿಗೆ ಅಂಕ. ಕ್ಲಾಸ್ ತುಂಬ ಗಲಾಟೆ, ನಗು, ಎಲ್ಲರೂ ಖುಷಿಯಾಗಿದ್ದಾರೆ ಅಂತ ನನಗೂ ಸಮಾಧಾನ. ಒಂದು ತಿಂಗಳ ಮೇಲೆ ಗಮನಿಸಿದರೆ ಪ್ರತಿ ಸಲ ಕೂಗುತ್ತಿದ್ದವರು ಅದೇ ನಾಲ್ಕು ಮಕ್ಕಳು. ಮಗ್ಗಿ ಮೊದಲೇ ಬರುತ್ತಿದ್ದವರು. ಉಳಿದವರು ಚಪ್ಪಾಳೆ ಹೊಡೆಯುತ್ತಿದ್ದರು ಅಷ್ಟೇ. ಅವರಿಗೆ ಒಂದು ಮಗ್ಗಿಯೂ ಹೊಸದಾಗಿ ಬಂದಿರಲಿಲ್ಲ, ಬಂದಿದ್ದು ಭಯ. ಅಲ್ಲಿಂದ ಈಚೆಗೆ ನಾನು ಯಾವ ಆಟ ನೋಡಿದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಆಟದಲ್ಲಿ ಗೆಲ್ಲಬೇಕು ಅಂದರೆ ಮಗು ಲೆಕ್ಕ ಯೋಚಿಸಲೇಬೇಕಾ, ಅಥವಾ ಯೋಚಿಸದೇ ಗೆಲ್ಲಬಹುದಾ? ಲೆಕ್ಕ ಮಾಡಿದರೆ ಮಾತ್ರ ಚಾಕಲೇಟ್ ಅನ್ನುವ ಆಟಗಳಲ್ಲಿ ಲೆಕ್ಕ ಕಹಿ ಮಾತ್ರೆ, ಆಟ ಬೆಲ್ಲ. ನಡೆಯೇ ಲೆಕ್ಕವಾಗಿರುವ ಆಟ ಬೇಕು. ಅದೃಷ್ಟವೂ ಸ್ವಲ್ಪ ಇರಬೇಕು, ಇಲ್ಲದಿದ್ದರೆ ಹಿಂದೆ ಬಿದ್ದ ಮಗು ಯಾವತ್ತೂ ಗೆಲ್ಲಲ್ಲ.

ಅಂಥ ಆಟ ಹುಡುಕಿಕೊಂಡು ಎಲ್ಲೂ ಹೋಗಬೇಕಾಗಿಲ್ಲ. ನಮ್ಮ ಕಡೆ ಮನೆ ಜಗಲಿ ಮೇಲೆ, ದೇವಸ್ಥಾನದ ಕಲ್ಲಿನ ಮೇಲೆ ಗೀಚಿರುತ್ತಲ್ಲ, ಚೌಕಾಬಾರ.

ಐದು ಸಾಲು, ಐದು ಮನೆ, ಒಟ್ಟು 25 ಮನೆ. ಕವಡೆ ಇಲ್ಲದ ಮನೆಗಳಲ್ಲಿ ಹುಣಸೆ ಬೀಜದ ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿ ನಾಲ್ಕು ಬೀಜ ಹಾಕುತ್ತಾರೆ. ಒಂದು ಬೆಳ್ಳಗೆ ಬಿದ್ದರೆ 1, ಎರಡು ಬಿದ್ದರೆ 2, ಮೂರು ಬಿದ್ದರೆ 3. ನಾಲ್ಕೂ ಬೆಳ್ಳಗಾದರೆ ಚೌಕ, ಅಂದರೆ 4. ನಾಲ್ಕೂ ಕಪ್ಪಾದರೆ ಬಾರ, ಅಂದರೆ 8. ಚೌಕ, ಬಾರ ಬಿದ್ದರೆ ಇನ್ನೊಂದು ಸಲ ಹಾಕಬಹುದು. ಚಿಕ್ಕ ಮಕ್ಕಳಿಗೆ ಮುಂದಕ್ಕೆ ಎಣಿಸುವುದು, ಎದುರಾಳಿಯ ಕಾಯಿ ಹೊಡೆಯಲು ಎಷ್ಟು ಬೇಕು ಅಂತ ಕಳೆಯುವುದು, ಕಾಯಿ ನಡುವಿನ ಮನೆ ಸೇರಿ ಹಣ್ಣಾಗಲು ಇನ್ನೆಷ್ಟು ಮನೆ ಅಂತ ನೋಡುವುದು, ಎಲ್ಲ ಅದರಲ್ಲೇ ಆಗಿಬಿಡುತ್ತೆ. ಬೆರಳಲ್ಲಿ ಒಂದೊಂದೇ ಮನೆ ಮುಟ್ಟಿ ಎಣಿಸುತ್ತಿದ್ದ ಮಗು ಒಂದು ವಾರದಲ್ಲಿ "ಮೂರು ಬಿದ್ರೆ ನಿನ್ನ ಕಾಯಿ ಹೋಯ್ತು" ಅಂತ ನೋಡಿದ ತಕ್ಷಣ ಹೇಳುತ್ತೆ.

ಆದರೆ ದೊಡ್ಡ ಕ್ಲಾಸಿಗೆ ಇದರಲ್ಲಿ ಇನ್ನೂ ಆಳವಾದ ವಿಷಯ ಇದೆ. ಏಳನೇ ಕ್ಲಾಸಿನವರನ್ನು ಕೇಳಿದೆ, 1, 2, 3, 4, 8 ಇವುಗಳಲ್ಲಿ ಯಾವುದು ಜಾಸ್ತಿ ಬೀಳುತ್ತೆ? ಅರ್ಧ ಕ್ಲಾಸು "ಎಲ್ಲಾ ಒಂದೇ, ಅದೃಷ್ಟ" ಅಂದರು. ಒಬ್ಬ "ನಮ್ಮಜ್ಜಿಗೆ ಯಾವಾಗ್ಲೂ ಬಾರ ಬೀಳುತ್ತೆ" ಅಂದ. ಸರಿ, ಹಾಕಿ ನೋಡೋಣ ಅಂತ ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿದೆ. ಎಲ್ಲ ಗುಂಪು ಸೇರಿ 160 ಸಲ ಹಾಕಬೇಕು, ಬಿದ್ದಿದ್ದಕ್ಕೆಲ್ಲ ಬೋರ್ಡ್ ಮೇಲೆ ಒಂದೊಂದು ಗೀಟು. ಹತ್ತು ನಿಮಿಷದಲ್ಲಿ ಕ್ಲಾಸ್ ತಾನಾಗೇ ಸದ್ದಿಲ್ಲದಂತಾಯಿತು. 2ರ ಮುಂದಿನ ಗೀಟುಗಳು ಉದ್ದಕ್ಕೆ ಬೆಳೆಯುತ್ತಲೇ ಹೋದವು, 8ರ ಮುಂದೆ ಅಲ್ಲೊಂದು ಇಲ್ಲೊಂದು. ಯಾಕೆ ಮಿಸ್ ಹೀಗೆ ಅಂತ ಅವರೇ ಕೇಳುವವರೆಗೆ ನಾನು ಬಾಯಿ ಬಿಡಲಿಲ್ಲ.

ಯಾಕೆ ಅಂತ ಹುಡುಕಲು ನಾಲ್ಕು ಬೀಜಕ್ಕೂ ಒಂದೊಂದು ಬಣ್ಣದ ಚುಕ್ಕೆ ಇಟ್ಟೆವು. ಕೆಂಪು, ಹಸಿರು, ನೀಲಿ, ಹಳದಿ. ಈಗ ಎರಡು ಬೆಳ್ಳಗೆ ಬೀಳಬೇಕು ಅಂದರೆ ಯಾವ ಎರಡು? ಕೆಂಪು ಹಸಿರು, ಕೆಂಪು ನೀಲಿ, ಕೆಂಪು ಹಳದಿ, ಹಸಿರು ನೀಲಿ, ಹಸಿರು ಹಳದಿ, ನೀಲಿ ಹಳದಿ. ಆರು ದಾರಿ. ಒಂದೇ ಬೆಳ್ಳಗೆ ಬೀಳಲು ನಾಲ್ಕು ದಾರಿ, ಮೂರು ಬೀಳಲೂ ನಾಲ್ಕು, ಯಾಕೆಂದರೆ ಮೂರು ಬೆಳ್ಳಗೆ ಅಂದರೆ ಒಂದೇ ಕಪ್ಪು. ಎಲ್ಲಾ ಬೆಳ್ಳಗೆ ಒಂದೇ ದಾರಿ, ಎಲ್ಲಾ ಕಪ್ಪು ಒಂದೇ ದಾರಿ. ಕೂಡಿಸಿದರೆ 16. ಅಂದರೆ ಬೀಜ ಎರಡು ಮಗ್ಗುಲಿಗೂ ಸಮನಾಗಿ ಬೀಳುವುದಾದರೆ 160 ಸಲಕ್ಕೆ 2 ಸುಮಾರು 60 ಸಲ, 1 ಮತ್ತು 3 ತಲಾ ಸುಮಾರು 40 ಸಲ, ಚೌಕ ಮತ್ತು ಬಾರ ತಲಾ ಸುಮಾರು 10 ಸಲ ಬೀಳಬೇಕು. ನಮ್ಮ ಬೋರ್ಡಿನ ಗೀಟುಗಳು ಅದರ ಹತ್ತಿರ ಹತ್ತಿರವೇ ಇದ್ದವು, ಚೌಕ ಮಾತ್ರ ಬಾರಕ್ಕಿಂತ ಜಾಸ್ತಿ. ಅದಕ್ಕೂ ಮಕ್ಕಳೇ ಕಾರಣ ಹೇಳಿದರು. "ಬೀಜ ಸರಿಯಾಗಿ ತೇಯ್ದಿಲ್ಲ ಮಿಸ್, ಒಂದು ಕಡೆ ಉಬ್ಬಿದೆ." ಅಪರೂಪಕ್ಕೆ ಬೀಳುವ ಚೌಕ, ಬಾರಕ್ಕೇ ಯಾಕೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ ಅಂತ ಆಗ ಅವರಿಗೆ ಹೊಳೆಯಿತು. ಸಂಭವನೀಯತೆ ಅನ್ನುವ ಪದವನ್ನು ನಾನು ಬೋರ್ಡ್ ಮೇಲೆ ಬರೆದಿದ್ದು ಇದೆಲ್ಲ ಆದಮೇಲೆ.

ಅದೇ ಹಲಗೆಯಲ್ಲಿ ಇನ್ನೂ ಒಂದು ಸೊಗಸು. ನಡುವಿನ ಮನೆ 1. ಅದರ ಸುತ್ತ 8. ಅದರ ಸುತ್ತ 16. ಒಟ್ಟು 25. ಏಳು ಸಾಲಿನ ಮನೆ ಬರೆದರೆ ಹೊರಗಿನ ಸುತ್ತು 24, ಒಟ್ಟು 49. ಪ್ರತಿ ಸುತ್ತಿಗೆ 8 ಜಾಸ್ತಿ ಆಗುತ್ತಾ ಹೋಗುತ್ತೆ. ಯಾಕೆ 8? ಹೊರಗೆ ಹೋದಂತೆ ಪ್ರತಿ ಬದಿಗೆ ಎರಡು ಮನೆ ಹೆಚ್ಚುತ್ತೆ, ಬದಿ ನಾಲ್ಕು. ಇದನ್ನು ಹೇಳಬೇಡಿ, ಸೀಮೆಸುಣ್ಣ ಕೊಟ್ಟು ಒಂಬತ್ತು ಸಾಲಿನ ಮನೆ ಬರೆಯಲು ಬಿಡಿ.

ಅಳಗುಳಿ ಮಣೆ ಗೊತ್ತಲ್ವಾ, ಕರಾವಳಿ ಕಡೆ ಚನ್ನೆಮಣೆ ಅನ್ನುತ್ತಾರೆ. ಏಳರಂತೆ ಎರಡು ಸಾಲು, 14 ಗುಳಿ. ಗುಳಿಗೆ ಐದು ಬೀಜ ಇಟ್ಟರೆ 70. ಒಂದು ಗುಳಿಯದ್ದನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದು ಹಾಕುತ್ತಾ ಹೋಗಬೇಕು. ಕೈಯಲ್ಲಿ 14 ಬೀಜ ಇದ್ದರೆ ಕೊನೆಯದು ಎತ್ತಿದ ಗುಳಿಗೇ ಬಂದು ಬೀಳುತ್ತೆ. 17 ಇದ್ದರೆ? ಒಂದು ಸುತ್ತು ಮುಗಿದು ಮೂರನೇ ಗುಳಿ. ಭಾಗಾಕಾರದ ಶೇಷ ಅನ್ನುವುದು ಮಕ್ಕಳಿಗೆ ಸುಮ್ಮನೆ ಕೊನೆಯಲ್ಲಿ ಉಳಿದ ಅಂಕಿ, ಅದರಿಂದ ಏನು ಪ್ರಯೋಜನ ಅಂತ ಗೊತ್ತಿರಲ್ಲ. ಇಲ್ಲಿ ಆಟ ಗೆಲ್ಲಿಸುವುದೇ ಶೇಷ.

ಭಿನ್ನರಾಶಿಗೆ ಬರೋಣ, ಎಲ್ಲರೂ ಎಡವುವ ಜಾಗ. 1/2 + 1/3 ಅಂದರೆ ಮೇಲಿಂದಕ್ಕೆ ಮೇಲಿಂದು, ಕೆಳಗಿಂದಕ್ಕೆ ಕೆಳಗಿಂದು ಕೂಡಿಸಿ 2/5 ಅನ್ನುತ್ತಾರೆ. ತಪ್ಪು ಅಂತ ಗೀಟು ಹಾಕುವ ಬದಲು ನಾನು ಕೇಳುವುದು, "ತಟ್ಟೆಯಲ್ಲಿ ಅರ್ಧ ಅಕ್ಕಿರೊಟ್ಟಿ ಇತ್ತು, ಅಮ್ಮ ಇನ್ನೊಂದು ಚೂರು ಹಾಕಿದರು. ರೊಟ್ಟಿ ಜಾಸ್ತಿ ಆಗಬೇಕಾ ಕಮ್ಮಿ ಆಗಬೇಕಾ?" 2/5 ಅರ್ಧಕ್ಕಿಂತ ಕಮ್ಮಿ. ಮಗುವಿಗೆ ತನ್ನ ಉತ್ತರ ತಪ್ಪು ಅಂತ ತಾನೇ ಗೊತ್ತಾಗುತ್ತೆ. ಆದರೆ ರೊಟ್ಟಿ ಅಷ್ಟಕ್ಕೇ ಸಾಕು, ದುಂಡಗಿರುವುದನ್ನು ಮೂರು ಸಮ ಪಾಲು ಮಾಡುವುದು ದೊಡ್ಡವರಿಗೂ ಕಷ್ಟ. ಮುಂದಕ್ಕೆ ಹಳೇ ಕ್ಯಾಲೆಂಡರಿನಿಂದ ಒಂದೇ ಉದ್ದದ ಮೂರು ಪಟ್ಟಿ ಕತ್ತರಿಸಿ. ಒಂದನ್ನು ಎರಡಾಗಿ ಮಡಚಿ, ಒಂದನ್ನು ಮೂರಾಗಿ, ಇನ್ನೊಂದನ್ನು ಆರಾಗಿ. ಅರ್ಧದ ತುಂಡನ್ನು ಆರರ ಪಟ್ಟಿ ಮೇಲೆ ಇಟ್ಟರೆ ಮೂರು ಮಡಿಕೆ ಮುಚ್ಚುತ್ತೆ, ಮೂರನೇ ಒಂದು ಇಟ್ಟರೆ ಎರಡು ಮುಚ್ಚುತ್ತೆ. ಒಟ್ಟು ಐದು ಮಡಿಕೆ, 5/6. ಲ.ಸಾ.ಅ. (ಕೆಳಗಿನ ಎರಡೂ ಅಂಕಿಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಇಲ್ಲಿ 6) ಯಾಕೆ ಬೇಕು ಅಂತ ಕೇಳಿದರೆ ಅಜ್ಜಿಯ ಸೇರು, ಪಾವು ನೆನಪು ಮಾಡಿ. ಒಂದು ಸೇರು ಅಕ್ಕಿ, ಒಂದು ಪಾವು ಅಕ್ಕಿ ಸೇರಿದರೆ ಎರಡು ಏನು? ಎರಡು ಸೇರೂ ಅಲ್ಲ, ಎರಡು ಪಾವೂ ಅಲ್ಲ. ಸೇರಿಗೆ ನಾಲ್ಕು ಪಾವು, ಹಾಗಾಗಿ ಐದು ಪಾವು. ಅಳತೆ ಒಂದೇ ಆಗದೆ ಎಣಿಸಲು ಆಗಲ್ಲ, ಅಷ್ಟೇ ಲ.ಸಾ.ಅ. ಕಥೆ.

ಋಣ ಸಂಖ್ಯೆಗೆ ಅಂಗಳದಲ್ಲಿ ಒಂದು ಗೆರೆ ಸಾಕು. ನಡುವೆ ಸೊನ್ನೆ, ಬಲಕ್ಕೆ 1, 2, 3, ಎಡಕ್ಕೆ ಮೈನಸ್. ಮಗು ಬಲಕ್ಕೆ ಮುಖ ಮಾಡಿ ನಿಲ್ಲಬೇಕು. ಕಳೆ ಅಂದರೆ ಹಿಂದಕ್ಕೆ ತಿರುಗು, ಮೈನಸ್ ಸಂಖ್ಯೆ ಅಂದರೆ ಹಿಮ್ಮುಖವಾಗಿ ನಡೆ. 5ರಿಂದ ಮೈನಸ್ 3 ಕಳೆಯಬೇಕು. 5ರ ಮೇಲೆ ನಿಂತು ತಿರುಗಿ, ಮೂರು ಹೆಜ್ಜೆ ಹಿಂದಕ್ಕೆ ಇಟ್ಟರೆ 8ರ ಮೇಲೆ ಇರುತ್ತೀರಿ. ಮರದ ಎತ್ತರಕ್ಕೆ ನೆರಳು ಸಾಕು. ಒಂದು ಮೀಟರ್ ಕೋಲಿನ ನೆರಳು 60 ಸೆಂಟಿಮೀಟರ್ ಇರುವಾಗ ತೋಟದ ಸಿಲ್ವರ್ ಓಕ್ ನೆರಳು 15 ಮೀಟರ್ ಇದ್ದರೆ ಮರ 25 ಮೀಟರ್. ಎರಡು ನೆರಳನ್ನೂ ಒಂದೇ ಹೊತ್ತಲ್ಲಿ ಅಳೆಯಬೇಕು, ಅದೊಂದು ನೆನಪಿರಲಿ. ಮೊದಲು ಎಲ್ಲರೂ ಅಂದಾಜು ಹೇಳಿ ಬರೆದಿಟ್ಟುಕೊಂಡರೆ ಅಳೆಯುವಾಗ ಎದೆ ಡವಡವ ಅನ್ನುತ್ತೆ.

ಮೆಟ್ರಿಕ್ ಮೇಳ, ಮಕ್ಕಳ ಸಂತೆ ಈಗ ತುಂಬ ಶಾಲೆಗಳಲ್ಲಿ ನಡೆಯುತ್ತೆ. ಸೊಪ್ಪು, ನಿಂಬೆಹಣ್ಣು, ಚುರುಮುರಿ ತಂದು ಮಕ್ಕಳು ಮಾರುತ್ತಾರೆ, ಊರವರು ಬಂದು ಕೊಳ್ಳುತ್ತಾರೆ. ನನಗೆ ತುಂಬ ಇಷ್ಟದ ಕಾರ್ಯಕ್ರಮ. ಆದರೆ ಸಂತೆ ಮುಗಿದ ಸಂಜೆಗೆ ಗಣಿತವೂ ಮುಗಿದುಹೋಗುತ್ತೆ, ಅದು ಬೇಸರ. ಮರುದಿನದ ಪಾಠವೇ ಮುಖ್ಯ. ಎಷ್ಟಕ್ಕೆ ತಂದೆ, ಎಷ್ಟಕ್ಕೆ ಮಾರಿದೆ, ಉಳಿದು ಬಾಡಿದ ಸೊಪ್ಪು ಯಾರ ಲೆಕ್ಕಕ್ಕೆ, ನೂರಕ್ಕೆ ಎಷ್ಟು ಲಾಭ. ಬಾಡಿದ ಸೊಪ್ಪಿನ ನಷ್ಟ ಬರೆದ ಮಗುವಿಗೆ ಶೇಕಡಾ ಲೆಕ್ಕ ಮರೆಯಲ್ಲ.

ಇಷ್ಟೆಲ್ಲ ಓದಿ "ಸಿಲಬಸ್ ಯಾವಾಗ ಮುಗಿಸೋದು?" ಅಂತ ಅನ್ನಿಸಿದ್ದರೆ ಅದು ನ್ಯಾಯವಾದ ಪ್ರಶ್ನೆ. ನನ್ನ ಲೆಕ್ಕ ಹೀಗಿದೆ. 40 ನಿಮಿಷದ ಪಿರಿಯಡ್‌ನಲ್ಲಿ ಆಟ 20 ನಿಮಿಷ ದಾಟಬಾರದು. ಆಮೇಲೆ ಹತ್ತು ನಿಮಿಷ ಮಾತು. ಹೇಗೆ ಯೋಚಿಸಿದೆ, ಬೇರೆ ನಡೆ ನಡೆಸಿದ್ದರೆ ಏನಾಗುತ್ತಿತ್ತು ಅಂತ ಮಕ್ಕಳೇ ಹೇಳಬೇಕು. ಕೊನೆಯ ಹತ್ತು ನಿಮಿಷ ಚಿತ್ರ ಬರೆದು ಅಂಕಿಯಲ್ಲಿ ಬರೆಯಬೇಕು. ಮಾತು, ಬರವಣಿಗೆ ಬಿಟ್ಟರೆ ಆ ಹುಡುಗ ಹೇಳಿದ ಹಾಗೆ ಅದು "ಬೇರೆ ಲೆಕ್ಕ" ಆಗಿಯೇ ಉಳಿಯುತ್ತೆ. ಎಲ್ಲ ಪಾಠಕ್ಕೂ ಆಟ ಬೇಕಾಗಿಲ್ಲ. ವಾರಕ್ಕೆ ಎರಡು ಪಿರಿಯಡ್ ಸಾಕು, ಹೊಸ ವಿಷಯ ಶುರುವಾಗುವಾಗ ಒಂದು, ಎಲ್ಲರೂ ಎಡವುತ್ತಿರುವ ಕಡೆ ಒಂದು. ಗಲಾಟೆ ಆಗುತ್ತೆ. ಯಾವ ಗಲಾಟೆ ಅಂತ ಕಿವಿಗೊಟ್ಟು ಕೇಳಿ. "ನೀನು ಮೋಸ ಮಾಡಿದೆ, ಅದು ಮೂರು ಮನೆ, ನಾಲ್ಕಲ್ಲ" ಅನ್ನುವ ಜಗಳ ಪಾಠವೇ.

ನನಗೆ ನಿಜವಾಗಿ ಸಂಕಟ ಆಗುವುದು ಬೇರೆ ಕಡೆ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಇಡೀ ರಾಜ್ಯಕ್ಕೆ ಹರಡಿತು. ಚಿಕ್ಕ ಕ್ಲಾಸಿನ ಮಕ್ಕಳು ನೆಲದ ಮೇಲೆ ಕೂತು ಕಾರ್ಡು, ಕಡ್ಡಿ, ಬೀಜ ಹಿಡಿದು ಕಲಿಯುತ್ತಾರೆ. ನಾಲ್ಕನೇ ಕ್ಲಾಸಿಗೆ ಬಂದ ದಿನ ಬೆಂಚು, ಬೋರ್ಡು, ನೋಟ್‌ಬುಕ್ಕು. ಗಣಿತ ಕಿಟ್ ಬೀರು ಸೇರುತ್ತೆ, ಕಳೆದುಹೋದರೆ ಯಾರು ಉತ್ತರ ಕೊಡೋದು ಅಂತ. ಭಿನ್ನರಾಶಿ, ಋಣ ಸಂಖ್ಯೆ, ಕೋನ, ಹೀಗೆ ಕೈಗೆ ಸಿಗದ ವಿಷಯಗಳು ಬರುವುದೇ ಆಗ, ಮುಟ್ಟಿ ನೋಡುವುದು ಜಾಸ್ತಿ ಬೇಕಾಗಿರುವುದೂ ಆಗಲೇ. ದಯವಿಟ್ಟು ಬೀರು ತೆಗೆಯಿರಿ. ಎರಡು ಮಣಿ ಕಳೆದರೆ ಕಳೆಯಲಿ.

ಮನೆಯಲ್ಲಿ ಅಪ್ಪ ಅಮ್ಮಂದಿರು ಏನು ಮಾಡಬಹುದು ಅಂತ ಕೇಳುತ್ತಾರೆ. ಪಕ್ಕದಲ್ಲಿ ಕೂತು ಚೌಕಾಬಾರ ಆಡಿ, ಸಾಕು. ಅಜ್ಜಿ ಇದ್ದರೆ ಇನ್ನೂ ಒಳ್ಳೆಯದು, ಅವರಿಗೆ ನಮಗಿಂತ ಚೆನ್ನಾಗಿ ಬರುತ್ತೆ. ಮಗು ಲೆಕ್ಕ ತಪ್ಪು ಹೇಳಿದರೆ ಸರಿ ಉತ್ತರ ಹೇಳುವ ಆತುರ ಬೇಡ, ಹೇಗೆ ಬಂತು ಪುಟ್ಟಾ ಅಂತ ಕೇಳಿ.

ಹೋದ ತಿಂಗಳು ಎಂಟನೇ ಕ್ಲಾಸಿನವರನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ಹತ್ತಿರದ ಊರೇ, ಎಲ್ಲರೂ ಹತ್ತು ಸಲ ನೋಡಿದ ಚೆನ್ನಕೇಶವ ಗುಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು ಅಂತ ಬಾಯಿಪಾಠ ಬರುತ್ತೆ. ಈ ಸಲ ಶಿಲ್ಪ ನೋಡಬೇಡಿ, ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಅಂಚು ಹಿಡಿದು ಗುಡಿ ಸುತ್ತಿ, ಎಲ್ಲಿ ಮೂಲೆ ಬರುತ್ತೆ ಅಂತ ಎಣಿಸಿ ಅಂದೆ. ಗರ್ಭಗುಡಿಯ ಹಿಂದಕ್ಕೆ ಬಂದಾಗ ಎಣಿಕೆ ತಪ್ಪತೊಡಗಿತು, ಅಷ್ಟು ಮೂಲೆ. ಶಾಲೆಗೆ ವಾಪಸ್ ಬಂದು ರಟ್ಟಿನ ಒಂದೇ ಅಳತೆಯ ಚೌಕಗಳನ್ನು ಕತ್ತರಿಸಿ ನಡುವಿಗೆ ಗುಂಡುಸೂಜಿ ಚುಚ್ಚಿದೆವು. ಎರಡು ಚೌಕ, ಒಂದನ್ನು 45 ಡಿಗ್ರಿ ತಿರುಗಿಸಿದರೆ ಎಂಟು ಮೂಲೆಯ ನಕ್ಷತ್ರ. ಮೂರು ಚೌಕ, 30 ಡಿಗ್ರಿಯಂತೆ ತಿರುಗಿಸಿದರೆ ಹನ್ನೆರಡು. ನಾಲ್ಕು ಚೌಕಕ್ಕೆ 22.5 ಡಿಗ್ರಿ, ಹದಿನಾರು ಮೂಲೆ. ಹೊಯ್ಸಳರ ಎಷ್ಟೋ ಗುಡಿಗಳ ನಕ್ಷತ್ರದಂಥ ತಳ ಹುಟ್ಟಿರುವುದು ಚೌಕವನ್ನು ಹೀಗೆ ತಿರುಗಿಸುವುದರಿಂದಲೇ.

ಡಿಗ್ರಿ ಹೇಗೆ ಗೊತ್ತಾಯ್ತು ಅಂದರೆ, 90ನ್ನು ಚೌಕ ಎಷ್ಟಿದೆಯೋ ಅಷ್ಟರಿಂದ ಭಾಗಿಸು ಅಂತ ಅವರೇ ಕಂಡುಕೊಂಡರು. 90 ಯಾಕೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ರಟ್ಟು ಎತ್ತಿ ಹಿಡಿದು ತಿರುಗಿಸಿ ತೋರಿಸಿದಳು. "90 ತಿರುಗಿಸಿದ್ರೆ ಚೌಕ ಮತ್ತೆ ಮೊದಲಿನ ಹಾಗೇ ಕಾಣುತ್ತೆ ಮಿಸ್, ಅದರೊಳಗೇ ಹಂಚಬೇಕು." ಕೂರುವ ಮೊದಲು ಅವಳೇ ಕೇಳಿದಳು. "ಚೌಕದ ಬದಲು ತ್ರಿಕೋನ ಆದ್ರೆ?" ಮೂರೂ ಬದಿ ಸಮ ಇರುವ ತ್ರಿಕೋನ ಮೂರು ಕತ್ತರಿಸಿಕೋ ಅಂತ ರಟ್ಟು, ಕತ್ತರಿ ಕೊಟ್ಟೆ. ಗಂಟೆ ಹೊಡೆದರೂ ಅವಳು ಏಳಲಿಲ್ಲ. ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಅವಳು ಮೊದಲನೆಯದರ ಮೇಲೆ ಎರಡನೆಯದನ್ನು ಇಟ್ಟು, ಕೋನಮಾಪಕ ಹಿಡಿದು, 40ರ ಗೆರೆಯ ಮೇಲೆ ಪೆನ್ಸಿಲ್ ಚುಕ್ಕೆ ಇಡುತ್ತಿದ್ದಳು.